ಮೊದಲ ದನಿ

ಚನ್ನಪಟ್ಟಣ
ಸೋಮವಾರ, 16 ಜೂನ್ 2025

ನನ್ನ ಬಂಗಾರದ ಪದ್ಮಕ್ಕನಿಗೆ,

ಮಂಡಳಿಯಲ್ಲಿ ಮೊದಲ ದನಿ ಇನ್ನು ಮೇಲೆ ನಾನೇ ಅಕ್ಕ, ನಿನ್ನ ತಂಗಿ ನವ್ಯಶ್ರೀ, ಅದೂ ಮದುವೆಯಾಗಿ ಸರಿಯಾಗಿ ಮೂರು ತಿಂಗಳಿಗೆ! ನಗಬೇಡ. ನೀನು ನಗುವುದು ಮೈಸೂರಿನಿಂದ ಇಲ್ಲಿಗೆ ಕೇಳಿಸುತ್ತಿದೆ. ಪ್ರತಿ ಶುಕ್ರವಾರ ನಮ್ಮ ನಡುಮನೆಯಲ್ಲಿ ಶುದ್ಧಮಾರ್ಗ ಮಂಡಳಿಯ ಇಪ್ಪತ್ತೆರಡು ಹೆಂಗಸರು ಸೇರುತ್ತಾರೆ. ಮೊದಲ ದನಿಯವಳು ಒಂದು ಸಾಲು ಹೇಳಬೇಕು, ಉಳಿದವರು ಅದನ್ನೇ ಹಿಂದಿನಿಂದ ಹೇಳಬೇಕು. ಆ ಮೊದಲ ಸಾಲು ನನ್ನದು. ಕೆಂಪು ಅಂಚಿನ ಬಿಳಿ ಸೀರೆ, ಎಲ್ಲರಿಗಿಂತ ಮುಂದೆ ನನಗೊಂದು ಮಣೆ!

'ನಮ್ಮ ನವ್ಯ ಹಾಜರಿ ಕೂಗಿದ ಹಾಗೆ ಹಾಡುತ್ತಾಳೆ' ಎಂದು ನೀನು ನೆಂಟರ ಮುಂದೆಲ್ಲ ಹೇಳುತ್ತಿದ್ದೆಯಲ್ಲ, ಇಲ್ಲಿ ಅದೇ ದೊಡ್ಡ ಗುಣ. ಹೆಣ್ಣಿನ ದನಿ ಬಳುಕಬಾರದು, ಬಳುಕಿದರೆ ಕೇಳಿದವರ ಮನಸ್ಸೂ ಬಳುಕುತ್ತದೆ ಎಂದು ಮಂಡಳಿಯ ಗುರುಗಳು ಹೇಳಿದ್ದಾರಂತೆ. ನನ್ನ ದನಿ ಹುಟ್ಟಿದಾಗಿನಿಂದ ಬಳುಕಿಲ್ಲ. ಅತ್ತೆ ಮೊದಲ ಸಲ ಕೇಳಿದಾಗ, "ಇದು ಕಣಮ್ಮಿ ಶುದ್ಧವಾದ ದನಿ ಅಂದ್ರೆ. ಹಲ್ಗೆ ಇದ್ದಂಗೈತೆ" ಅಂದರು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಫೋನ್ ಮಾಡದೆ ಮತ್ತೆ ಕಾಗದ ಯಾಕೆ ಎಂದು ಬೈಯಬೇಡ. ಹೊಸ ಸೊಸೆಗೆ ಒಂದು ವರ್ಷ ಫೋನ್ ಇಲ್ಲ ಎನ್ನುವುದು ಮಂಡಳಿಯ ನಿಯಮ. ಕಣ್ಣು, ಕಿವಿ ಶುದ್ಧವಾಗಿರಲಿ ಎಂದು. ನನ್ನ ಫೋನು ಅತ್ತೆಯ ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಮಲಗಿದೆ. ನಾನು ಇದಕ್ಕೆ ಡಿಜಿಟಲ್ ಡಿಟಾಕ್ಸ್ ಎಂದು ಹೆಸರಿಟ್ಟಿದ್ದೇನೆ. ಈ ಕಾಗದವನ್ನು ಡಬ್ಬಿಗೆ ಹಾಕುವವರು ಗುಲ್ಜಾರ್ ಬೀ. ನಮ್ಮ ಹಿತ್ತಲ ಗೋಡೆಯ ಆಚೆ ಬೊಂಬೆ ಮಾಡುವ ಶೆಡ್ಡಿದೆ. ಅವರು ಅಲ್ಲಿ ಅರಗಿನ ಬಣ್ಣ ಹಚ್ಚುತ್ತಾರೆ, ಬೆಳಿಗ್ಗೆ ನಮ್ಮಲ್ಲಿ ಹಾಲಿಗೆ ಬರುತ್ತಾರೆ. ನನ್ನದು ಇಂಗ್ಲಿಷ್ ಮೀಡಿಯಂ ಕನ್ನಡ, ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿಕೊಂಡು ಓದು ಟೀಚರಮ್ಮ. ಅಮ್ಮ ಹೋದ ಮೇಲೆ ನೀನು ಸರ್ಕಾರಿ ಶಾಲೆಯಲ್ಲೇ ಓದಿ, ನನ್ನನ್ನು ಮಾತ್ರ ಕನಕಪುರದ ಕಾನ್ವೆಂಟಿಗೆ ಸೇರಿಸಿದ ತಪ್ಪು ನಿನ್ನದೇ.

ಅನಂತು ಬಗ್ಗೆ ಬರೆಯಲು ಹೊರಟರೆ ಹಾಳೆ ಸಾಲುವುದಿಲ್ಲ. ಪಂಪು ರಿಪೇರಿ ಅಂಗಡಿಯಿಂದ ಬಂದವರೇ ಕೈಯ ಗ್ರೀಸು ಕೂಡ ತೊಳೆಯದೆ 'ನವ್ಯಾ' ಎನ್ನುತ್ತಾರೆ. ಹೋದ ತಿಂಗಳು ಬೈಕಿನಲ್ಲಿ ಕೆಂಗಲ್ ಆಂಜನೇಯನ ಗುಡಿಗೆ ಕರೆದುಕೊಂಡು ಹೋಗಿದ್ದರು. ಬರುವಾಗ ಗಾಳಿ, ಹುರಿದ ಕಡಲೆಕಾಯಿ, ನನ್ನ ಗಲ್ಲ ಅವರ ಬೆನ್ನಿಗೆ. ಇಂಥ ಹೊತ್ತಿನಲ್ಲಿ ಗಂಡ ಏನು ಹೇಳಬೇಕು? ನನ್ನ ಗಂಡ ಹೇಳಿದ್ದು: "ಕುಸುಮತ್ತಿಗೆ ಬಂದ್ಮೇಲೇನೇ ಕಣೆ ನಮ್ಮನೆ ಮನೆ ಥರ ಆಗಿದ್ದು. ರೇಷ್ಮೆ ಹುಳುಮನೇಲಿ ಅವ್ರು ಹಾಡ್ತಿದ್ರೆ ಕಾಲೇಜಿಗೆ ಲೇಟಾದ್ರೂ ಬಾಗ್ಲಲ್ಲೇ ನಿಂತ್ಬುಡ್ತಿದ್ದೆ."

ನಾನು ಮೆಲ್ಲಗೆ, ಗಂಡಸರು ಹೆಂಗಸರ ಹಾಡು ಕೇಳಬಾರದು ಎಂದು ಅಲ್ಲವೇ ನಿಯಮ ಎಂದು ಕೇಳಿದೆ. "ಅಮ್ಮಂಗೆ ಮಂಡಿ ನೋವು, ಹಿತ್ಲು ದಾಟಿ ಅಲ್ಲೀಗಂಟ ಬರಾಕಿಲ್ಲ ಬುಡು" ಎಂದು ನಕ್ಕರು. ಉಳಿದ ಕಡಲೆಕಾಯಿ ನನಗೆ ಸೇರಲಿಲ್ಲ.

ನೀನು ಹೋದ ಕಾಗದದಲ್ಲಿ ಎರಡು ಸಲ ಕೇಳಿದ್ದೀಯ, ಕುಸುಮ ಯಾಕೆ ನನಗೆ ಉತ್ತರ ಬರೆಯಲಿಲ್ಲ ಎಂದು. ಕುಸುಮಕ್ಕ ಚೆನ್ನಾಗಿದ್ದಾರೆ. ಹುಳುವಿನ ಕೆಲಸ, ಕಾಗದ ಬರೆಯಲು ಅವರಿಗೆ ಪುರುಸೊತ್ತಿಲ್ಲ.

ಅವರ ಮೇಲೆ ನನಗೆ ಹೊಟ್ಟೆಕಿಚ್ಚು ಎಂದು ನೀನು ಅಂದುಕೊಳ್ಳುತ್ತೀಯ. ಹೌದು, ಹೊಟ್ಟೆಕಿಚ್ಚೇ! ಅವರು ಈ ಮನೆಯ ದೊಡ್ಡ ಸೊಸೆ, ಕಬ್ಬಾಳಿನ ಕಡೆಯವರು, ಬಂದು ಹನ್ನೊಂದು ವರ್ಷ. ಮಕ್ಕಳಿಲ್ಲ. ಭಾವ ಗುರುಗಳ ಜೀಪು ಓಡಿಸಿಕೊಂಡು ಊರೂರು ಸುತ್ತುತ್ತಾರೆ, ತಿಂಗಳಿಗೊಮ್ಮೆ ಮನೆಗೆ ಬಂದರೆ ಹೆಚ್ಚು. ಇಷ್ಟಿದ್ದೂ ಆಕೆ ನಡೆದರೆ ನಿಂತರೆ ಹಾಡಿನ ಮೇಲೆ ನಡೆದ ಹಾಗೆ, ನಿಂತ ಹಾಗೆ. ನಾನು ಬೆಳಿಗ್ಗೆ ಎದ್ದು ಮುಖಕ್ಕೆ ಅರಿಶಿನ, ಕಣ್ಣಿಗೆ ಕಾಡಿಗೆ, ತಲೆಗೆ ಮಲ್ಲಿಗೆ ಎಲ್ಲ ಮಾಡಿ ಹೊರಗೆ ಬಂದರೆ, ಅವರು ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಗಂಟಲಲ್ಲೇ ಏನೋ ಗುನುಗುತ್ತಾ ಬರುತ್ತಾರೆ, ಎಲ್ಲರ ಮುಖವೂ ಆ ಕಡೆ.

ಅದು ಬಿಡು. ನೀನು ಏನು ಮಾಡಿದೆ? ಮದುವೆಯ ಮಾರನೆಯ ದಿನ ನನ್ನನ್ನು ಬಿಟ್ಟು ಹೋಗುವ ಮುಂಚೆ ಮೂರು ಗಂಟೆ ಇತ್ತು ನಿನಗೆ. ಆ ಮೂರು ಗಂಟೆಯೂ ಹುಳುಮನೆಯಲ್ಲಿ ಕುಸುಮಕ್ಕನ ಪಕ್ಕ ಕೂತಿದ್ದೆ. ಅವರು ಹುಳುವಿಗೆ ಸೊಪ್ಪು ಹಾಕುತ್ತಾ ಹಾಡುತ್ತಿದ್ದರು, ನೀನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ನಾನು ಕೈಕಾಲು ತೊಳೆದುಕೊಂಡು ನಿನಗೆ ಕಾಫಿ ತಂದೆ. ತವರಿನಿಂದ ಬಂದ ಅಕ್ಕನಿಗೆ ನಾನು ಈ ಮನೆಯಲ್ಲಿ ಮಾಡಿದ ಮೊದಲ ಕಾಫಿ. ನೀನು ತಿರುಗಿ ಕೂಡ ನೋಡದೆ ತುಟಿಯ ಮೇಲೆ ಬೆರಳಿಟ್ಟು 'ಶ್' ಅಂದೆ. ಹತ್ತೊಂಬತ್ತು ವರ್ಷ ನನ್ನನ್ನು ಸಾಕಿದ್ದೀಯ, ಒಂದು ದಿನವೂ ನನಗೆ ಹಾಗೆ ಅಂದಿರಲಿಲ್ಲ.

ಈಗ ಮುಂದಿನದು ಓದು. ನಾನು ಸುಳ್ಳು ಹೇಳಿಲ್ಲ, ಚಾಡಿಯನ್ನೂ ಹೇಳಿಲ್ಲ. ಮೇ ಕೊನೆಯ ವಾರ ಅತ್ತೆಯ ಮಂಡಿಗೆ ಎಣ್ಣೆ ಹಚ್ಚುತ್ತಾ, ಹುಳುಮನೆಯಲ್ಲಿ ಕುಸುಮಕ್ಕ ಎಷ್ಟೊಂದು ಬೇರೆ ಬೇರೆ ಹಾಡು ಹಾಡುತ್ತಾರೆ ಅಲ್ಲವೇ ಅತ್ತೆ, ಎಂದೆ. ಹೊಗಳಿದೆ ಅಕ್ಕ. ಅಷ್ಟೇ.

ಮಂಡಳಿಯವರು ಹೊರಗಿನ ಹಾಡು ಹಾಡಬಾರದು. ಗುರುಗಳು ಕೊಟ್ಟ ನಾಮಾವಳಿ ಮಾತ್ರ, ಅದೂ ಕಿಟಕಿ ಬಾಗಿಲು ಮುಚ್ಚಿ, ದನಿ ಹೊಸ್ತಿಲು ದಾಟದ ಹಾಗೆ. ಆಗ ಮೊದಲ ದನಿ ಕುಸುಮಕ್ಕನದೇ. ಮೇ ಮೂವತ್ತು, ಶುಕ್ರವಾರ, ಎಲ್ಲರೂ ಕೂತ ಮೇಲೆ ಅತ್ತೆ ಅವರನ್ನು ನಿಲ್ಲಿಸಿದರು. "ಹುಳುಮನೇಲಿ ಅದೇನೋ ಹಾಡ್ತೀಯಂತಲ್ಲ, ಅದ್ನ ಇಲ್ಲಿ ಹಾಡಮ್ಮಿ ನೋಡನ" ಅಂದರು. ಹೆದರಿಸಲು ಹೇಳಿದ್ದು. ಯಾರಾದರೂ ತಪ್ಪಾಯಿತು ಎಂದು ಕಾಲಿಗೆ ಬೀಳುತ್ತಾರೆ. ಕುಸುಮಕ್ಕ ಸೆರಗು ಸರಿ ಮಾಡಿಕೊಂಡು ಹಾಡಿಯೇಬಿಟ್ಟರು:

ಬೆಟ್ಟದ ಮ್ಯಾಗಳ ಅವ್ವ, ನಿಂಗ್ಯಾರು ಮೈಲ್ಗೆ ಅಂದೋರು
ಮಳೆಗೆ ಮೈಯೊಡ್ಡಿ ನಿಂತೋಳೆ, ನಿಂಗ್ಯಾರು ಕದವ ಹಾಕೋರು

ಅಯ್ಯೋ, ಆ 'ಅವ್ವ' ಎನ್ನುವ ಒಂದು ಮಾತು ಎಲ್ಲೆಲ್ಲಿ ಸುತ್ತಿ ಬಂತು! ಅತ್ತೆಯ ಕಾಲಿನ ಹೆಬ್ಬೆರಳು ಎರಡು ಸಲ ತಾಳಕ್ಕೆ ಅಲುಗಿತು, ನಾನು ನೋಡಿದೆ. ಆಮೇಲೆ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು. ನಾನೇನು ಅಂದುಕೊಂಡೆ ಗೊತ್ತಾ? ಪಾಪ ಎಂದಲ್ಲ. ಬೈಸಿಕೊಳ್ಳುವಾಗಲೂ ಇವಳಿಗೆ ಇಷ್ಟು ಚೆನ್ನಾಗಿ ಹಾಡಲು ಬರುತ್ತದಲ್ಲ ಎಂದು!

"ಹೆಣ್ಣಿನ ಗಂಟ್ಲು ಕೆಟ್ರೆ ಮನೆ ಕೆಡ್ತದೆ" ಎಂದರು ಅತ್ತೆ. ಗುರುಗಳಿಗೆ ಫೋನ್ ಹೋಯಿತು. ನಲವತ್ತೆಂಟು ದಿನ ಮೌನ ವ್ರತ ಎಂದು ತೀರ್ಮಾನವಾಯಿತು. ಹಾಡು ಮಾತ್ರವಲ್ಲ, ಮಾತೂ ಇಲ್ಲ, ಗುನುಗುವಂತಿಲ್ಲ, ಹುಳುವಿನೊಂದಿಗೆ ಕೂಡ ಇಲ್ಲ. ಏನಾದರೂ ಬೇಕಿದ್ದರೆ ಬರೆಯಲು ಒಂದು ಸ್ಲೇಟು ಕೊಟ್ಟರು, ಒಂದನೇ ಕ್ಲಾಸಿನ ಮಗುವಿಗೆ ಕೊಟ್ಟ ಹಾಗೆ. ಬಾಯಿ ತಪ್ಪಿ ಒಂದು ಮಾತಾಡಿದರೂ, ಮೈಲಿಗೆ ಮುಚ್ಚಿಟ್ಟರೂ, ಎಣಿಕೆ ಮತ್ತೆ ಒಂದರಿಂದ. ಮುಂದಿನ ಶುಕ್ರವಾರ ಆ ಮಣೆಯ ಮೇಲೆ ನಾನು.

ನನ್ನ ಮೊದಲ ದಿನ ಹೇಗಿತ್ತು ಎಂದರೆ, ಸೂಪರ್! ಮೊದಲ ದನಿಯವಳು ಶುರುವಿಗೆ ಎದ್ದು ನಿಂತು, ಎಲ್ಲರ ಎದುರು, 'ಮೈ ಶುದ್ಧ, ಮನ ಶುದ್ಧ, ದನಿ ಶುದ್ಧ' ಎಂದು ಮೂರು ಸಲ ಹೇಳಬೇಕು. ಶಾಲೆಯಲ್ಲಿ ಪ್ಲೆಡ್ಜ್ ಹೇಳಿಸುತ್ತಿದ್ದರಲ್ಲ, ಹಾಗೆ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಸಂಜೆ ರೂಮಿನಲ್ಲಿ ಅನಂತುಗೆ ಅದನ್ನೆಲ್ಲ ಹಾಡಿ ತೋರಿಸಿದೆ. ಹೇಗಿತ್ತು ಎಂದು ಕೇಳಿದೆ.

"ಚೆನ್ನಾಗಿತ್ತು ಕಣೆ... ಒಸಿ ಮಗ್ಗಿ ಒಪ್ಪಿಸ್ದಂಗಿತ್ತು, ಅಷ್ಟೇಯ" ಅಂದರು. ಆಮೇಲೆ ಹುಳುಮನೆಯ ಕಡೆ ನೋಡುತ್ತಾ, "ಮನೆ ಯಾಕೋ ಬಿಕೋ ಅಂತೈತೆ" ಅಂದರು. ನಾನು ಎದುರಿಗೇ ಕೂತಿದ್ದೇನೆ, ಮಲ್ಲಿಗೆ ಮುಡಿದುಕೊಂಡು!

ಮಾರನೆಯ ಬೆಳಿಗ್ಗೆ ಗುಲ್ಜಾರ್ ಬೀ ಹಾಲಿನ ಚೊಂಬು ಹಿಡಿದು ನಿಂತು, "ಏನ್ ಬೇಟಿ, ಒಂದು ವಾರ ಆಯ್ತು, ನಿಮ್ಮ ಹಿತ್ಲ ರೇಡಿಯೋ ಕೆಟ್ಟೋಗೈತಾ? ನಮ್ಮ ಕೈ ಓಡ್ತಾ ಇಲ್ಲ ನೋಡು, ಬೊಂಬೆಗೆ ಕಣ್ಣು ಎಲ್ಲೋ ಮೂಗು ಎಲ್ಲೋ" ಎಂದರು. ಗೋಡೆಯಾಚೆ ಆರು ಹೆಂಗಸರು ಇಷ್ಟು ವರ್ಷ ಆ ದನಿ ಕೇಳಿಕೊಂಡು ಬಣ್ಣ ಹಚ್ಚುತ್ತಿದ್ದರಂತೆ. ನಿನ್ನೆ ಹಾಡಿದ್ದು ನಾನೇ, ಕಿಟಕಿ ಮುಚ್ಚಿದ್ದರೂ ಕೇಳಿಸಿತೇ ಎಂದು ಕೇಳಿದೆ. "ಓ, ಅದು ನೀನಾ?" ಎಂದು ಹಾಲು ತೆಗೆದುಕೊಂಡು ಹೋದರು. ಇಷ್ಟೇ ಅಕ್ಕ ನನ್ನ ಕಛೇರಿಯ ವಿಮರ್ಶೆ.

ಮೊನ್ನೆ ಶುಕ್ರವಾರದ್ದು ಹೇಳುತ್ತೇನೆ. ಇದನ್ನು ಒಬ್ಬರಿಗೆ ಬಿಟ್ಟು ಇದುವರೆಗೆ ಯಾರಿಗೂ ಹೇಳಿಲ್ಲ. ಅವತ್ತು ಬೆಳಿಗ್ಗೆ ನಾನು ಹೊರಗಾದೆ. ಹಾಗಾದವರು ಹಿತ್ತಲ ಪಕ್ಕದ ಕೋಣೆಯಲ್ಲಿ ಮೂರು ದಿನ ಕೂರಬೇಕು. ಹಾಡುವಂತಿಲ್ಲ, ಹುಳುಮನೆಗೆ ಕಾಲಿಡುವಂತಿಲ್ಲ. ನಾನು ಹೇಳಲಿಲ್ಲ. ಒಂದು ವಾರ ಕೂತ ಮಣೆ ಅಕ್ಕ! ನಾನು ಕೋಣೆಗೆ ಹೋದರೆ, ಆ ಮಣೆ ಮತ್ತೆ ಯಾರಿಗೋ. ಎಲ್ಲರ ಎದುರು ನಿಂತು, ಮೈ ಶುದ್ಧ, ಮನ ಶುದ್ಧ, ದನಿ ಶುದ್ಧ ಎಂದು ಮೂರು ಸಲ ಹೇಳಿದೆ. ನಾಲಿಗೆ ಸೀಳುತ್ತದೆ ಎಂದು ಅತ್ತೆ ಹೇಳಿದ್ದರು. ಸೀಳಲಿಲ್ಲ. ದೀಪ ಆರುತ್ತದೆ ಎಂದಿದ್ದರು. ಉರಿಯಿತು. ನಾಮಾವಳಿ ಮುಗಿಯುವವರೆಗೂ ಆ ದೀಪವನ್ನೇ ನೋಡುತ್ತಾ ಹಾಡಿದೆ. ಏನೂ ಆಗಲಿಲ್ಲ ಅಕ್ಕ. ಅದೇ ಹೆದರಿಕೆಯಾಯಿತು. ಏನೂ ಆಗುವುದಿಲ್ಲ ಎಂದಾದರೆ ಕುಸುಮಕ್ಕ ಯಾಕೆ ಮಾತಾಡುತ್ತಿಲ್ಲ?

ಹಾಡು ಮುಗಿದು ಹೆಂಗಸರು ಪ್ರಸಾದ ತಿನ್ನುತ್ತಿದ್ದರು. ಅತ್ತೆ ಸ್ನಾನದ ಮನೆಯಿಂದ ಒಂದು ಬಕೆಟ್ ಎಳೆದುಕೊಂಡು ಬಂದರು. ಅದರಲ್ಲಿ ನಾನು ನೆನೆಹಾಕಿ, ಮೇಲೆ ಟವೆಲ್ ಮುಚ್ಚಿ ಮರೆತಿದ್ದ, ಕಲೆಯಾದ ಬಿಳಿ ಲಂಗ. ಮಂಡಳಿಯ ಲಂಗ, ನನಗೂ ಕುಸುಮಕ್ಕನಿಗೂ ಒಂದೇ ಥರದ್ದು. "ಯಾರ್ದಮ್ಮಿ ಇದು?" ಎಂದರು. ನನ್ನ ಬಾಯಲ್ಲಿ ಸಜ್ಜಿಗೆ. ನುಂಗಲೂ ಆಗಲಿಲ್ಲ, ಉಗಿಯಲೂ ಆಗಲಿಲ್ಲ. "ಬಾಯಿ ಬುಡ್ರಿ, ಇಬ್ಬರಲ್ಲಿ ಒಬ್ಬರದ್ದು."

ಕುಸುಮಕ್ಕ ಬಾಗಿಲ ಹತ್ತಿರ ನಿಂತಿದ್ದರು. ನನ್ನನ್ನು ಒಂದು ಸಲ ನೋಡಿದರು. ಸ್ಲೇಟು ತೆಗೆದುಕೊಂಡು ದಪ್ಪ ಅಕ್ಷರದಲ್ಲಿ 'ನಂದು' ಎಂದು ಬರೆದು, ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು.

ಮೌನದ ಹದಿನೈದನೇ ದಿನ ಅವತ್ತು. ಎಣಿಕೆ ಮತ್ತೆ ಒಂದರಿಂದ ಶುರುವಾಯಿತು. ಅವರನ್ನು ಕೋಣೆಗೆ ಕಳಿಸಿದರು. ಹುಳುಗಳಿಗೆ ಸೊಪ್ಪು ಹಾಕಲು ನಾನು ಹೋದೆ! ಹೊರಗಾದವಳು ನಾನು, ಆ ಮೂರು ದಿನವೂ ಹುಳುಮನೆಯಲ್ಲಿ. ಹೊರಗಾದವಳ ನೆರಳು ಬಿದ್ದರೆ ಹುಳು ಸಾಯುತ್ತದೆ ಎನ್ನುತ್ತಾರೆ. ಅವು ಗಬಗಬ ತಿಂದವು. ಗೂಡು ಕಟ್ಟುವಷ್ಟು ಹಣ್ಣಾದವು. ನಿನ್ನೆ ಎಲ್ಲವನ್ನೂ ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಟ್ಟೆವು, ಇವತ್ತು ಬೆಳಿಗ್ಗೆ ನೋಡಿದರೆ ಹಳದಿ ಗೂಡು ಶುರುವಾಗಿದೆ. ಅತ್ತೆ ಮಂಡಿ ಹಿಡಿದುಕೊಂಡೇ ನೋಡಲು ಬಂದು, "ಶುದ್ಧವಾದ ಕೈ ಬಿದ್ರೆ ಹೆಂಗೆ ಕಟ್ತವೆ ನೋಡು" ಎಂದು ನನ್ನ ಕೆನ್ನೆ ತಟ್ಟಿದರು. ನನಗೆ ನಗು ಬಂತು. ಆಮೇಲೆ ಅಲ್ಲೇ ಕೂತು ಅತ್ತುಬಿಟ್ಟೆ. ಗೂಡಿನ ಖುಷಿಗೆ ಅಳುತ್ತಿದ್ದೇನೆ ಎಂದು ಅತ್ತೆ ಅಂದುಕೊಂಡರು.

ಆ ಶುಕ್ರವಾರ ರಾತ್ರಿಯೇ ಕೋಣೆಯ ಕಿಟಕಿಗೆ ಹೋಗಿ ಕೇಳಿದ್ದೆ, ಯಾಕೆ ಕುಸುಮಕ್ಕ ಹಾಗೆ ಬರೆದಿರಿ ಎಂದು. ಅವರಿಗೆ ನಾನು ಏನು ಮಾಡಿದ್ದೇನೆ ಎಂದು ಗೊತ್ತಿಲ್ಲವೇ? ಎಣ್ಣೆ ಹಚ್ಚುವಾಗ ಬಾಯಿ ಬಿಟ್ಟವಳು ನಾನೇ ಎಂದು ಗೊತ್ತು. ಅತ್ತೆಯೇ ಹೇಳಿದ್ದಾರೆ. ಅವರು ಸ್ಲೇಟು ಒರೆಸಿ ಬರೆದರು: 'ನೀನು ಹಾಡಿದ್ದು ಚೆನ್ನಾಗಿರ್ಲಿಲ್ಲ.' ಮತ್ತೆ ಒರೆಸಿದರು: 'ಆದ್ರೂ ಹಾಡು. ಇಲ್ಲಾಂದ್ರೆ ಮನೇಲಿ ಕೇಳಕ್ಕೆ ಏನೂ ಇರಲ್ಲ.'

ನನಗೆ ಅದಕ್ಕೂ ಹೊಟ್ಟೆಕಿಚ್ಚಾಯಿತು ಅಕ್ಕ, ಆಣೆಗೂ. ದನಿ ಕಿತ್ತುಕೊಂಡರೂ ಅವರೇ ದೊಡ್ಡವರು. ಬಾಯಿ ಮುಚ್ಚಿಕೊಂಡೂ ನನಗಿಂತ ಚೆನ್ನಾಗಿ ಮಾತಾಡುತ್ತಾರೆ. ಅಂಥವರನ್ನು ಹೊಟ್ಟೆಕಿಚ್ಚಿಗೆ ಸಿಗುವಷ್ಟು ಹತ್ತಿರ ಇಟ್ಟುಕೊಳ್ಳಬೇಕು, ಹೀಗೆ ಕಲ್ಲು ಮಾಡಿ ಕೂರಿಸಬಾರದು. ಕೇಳಲು ಅವರ ಹಾಡೇ ಇಲ್ಲದಿದ್ದರೆ ನಾನು ಯಾರ ಮೇಲೆ ಉರಿದುಕೊಳ್ಳಲಿ?

ಅದಕ್ಕೇ ಒಂದು ಕೆಲಸ ಮಾಡಿದ್ದೇನೆ. ಆಷಾಢಕ್ಕೆ ಹೊಸ ಸೊಸೆ ತವರಿಗೆ ಹೋಗಬೇಕಲ್ಲ, ನನಗೆ ತವರೆಂದರೆ ನಿನ್ನ ಹಾಸ್ಟೆಲ್ಲಿನ ವಾರ್ಡನ್ ಕ್ವಾರ್ಟರ್ಸ್. ನೀನು ಕರೆಯಲು ಬರಬೇಡ. ನನ್ನನ್ನು ಬಿಟ್ಟು ಬರಲು ಕುಸುಮಕ್ಕನನ್ನು ಕಳಿಸಿ ಎಂದು ಅತ್ತೆಯನ್ನು ಕೇಳಿದೆ. ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಅತ್ತೆ ಯೋಚಿಸಿ, "ಅದೂ ಸರೀನೇಯ. ಅವ್ಳು ಹೆಂಗೂ ಮಾತಾಡಂಗಿಲ್ಲ, ದಾರೀಲಿ ಯಾರ್ ಕೂಡೂ ಹಲ್ಲು ಕಿರಿಯಾಕಿಲ್ಲ. ಬುಟ್ಬುಟ್ಟು ಸಂಜೆ ಗಾಡಿಗೆ ವಾಪಸ್ ಬರ್ಲಿ" ಅಂದರು. ಮೌನ ಹಿಡಿದವಳಿಗಿಂತ ನಂಬಿಕೆಯ ಜೊತೆ ಇನ್ನಾರು ಸಿಗುತ್ತಾರೆ!

ಅವರನ್ನು ಸಂಜೆ ಗಾಡಿಗೆ ಕಳಿಸಬೇಡ ಅಕ್ಕ. ಊಟಕ್ಕೆ ಕೂರಿಸು, ನಿನ್ನ ಹಾಸ್ಟೆಲ್ ಹುಡುಗಿಯರನ್ನೆಲ್ಲ ಎದುರಿಗೆ ಕರೆದು ಕೂರಿಸು. ಉಳಿಯುವುದೋ ಬಿಡುವುದೋ ಅವರ ಇಷ್ಟ, ಆದರೆ ಕೇಳುವವರಾದರೂ ಕೇಳಲಿ. ಅತ್ತೆಗೆ ಏನು ಹೇಳಬೇಕೋ ನಾನು ಹೇಳುತ್ತೇನೆ. ಅನಂತುಗೆ ಹೇಳಿದ್ದೇನೆ, ಎಲ್ಲವನ್ನೂ, ಲಂಗದ ವಿಷಯವನ್ನೂ. ಕೈಯ ಗ್ರೀಸು ಒರೆಸಿಕೊಂಡು, "ಟಿಕೆಟ್ ನಾನ್ ತರ್ತೀನಿ ಬುಡು" ಅಂದರು. ನನ್ನ ಗಂಡ ಬಂಗಾರ ಎಂದು ಹೇಳಿದ್ದೆನಲ್ಲವೇ?

ಮಂಗಳವಾರ ಸೊಸೆ ಮನೆ ಬಿಡಬಾರದು, ಬುಧವಾರ ಅಮಾವಾಸ್ಯೆ. ಹಾಗಾಗಿ ಸೋಮವಾರ, ಜೂನ್ ಇಪ್ಪತ್ತಮೂರು, ಬೆಳಗಿನ ಮೆಮು ಗಾಡಿಗೆ ಮೈಸೂರಿಗೆ ಬರುತ್ತೇವೆ.

ನಿನ್ನ ಹಲಗೆ ದನಿಯ,
ನವ್ಯ

ಇನ್ನೊಂದು: ಕುಸುಮಕ್ಕನಿಗೆ ಪುರುಸೊತ್ತಿಲ್ಲ ಎಂದು ಬರೆದದ್ದು ಸುಳ್ಳು. ನಿನ್ನ ಕಾಗದ ಅವರ ಕೈ ಸೇರಲೇ ಇಲ್ಲ. ಮೇ ತಿಂಗಳಲ್ಲಿ ಒಂದು ದಿನ ಪೋಸ್ಟ್‌ಮ್ಯಾನ್ ಎರಡು ಕವರ್ ಕೊಟ್ಟರು, ಎರಡರ ಮೇಲೂ ನಿನ್ನ ಅಕ್ಷರ. ನನಗೆ ಬರೆದದ್ದು ಒಂದು ಪುಟ. ಅವರಿಗೆ ನಾಲ್ಕು. ಒಡೆದು ಓದಿದೆ. ಹಾಸ್ಟೆಲ್ಲಿಗೆ ಬಂದು ಹುಡುಗಿಯರಿಗೆ ಹಾಡು ಕಲಿಸಿ, ನಿಮ್ಮ ಹಾಡು ಹುಳುಗಳಿಗೆ ಮಾತ್ರ ಅಲ್ಲ ಎಂದು ನೀನು ಬರೆದಿದ್ದೆ. ಎಣ್ಣೆ ಹಚ್ಚುತ್ತಾ 'ಹೊಗಳಿದಾಗ' ಅತ್ತೆ ಕಿವಿಗೇ ಹಾಕಿಕೊಂಡಿರಲಿಲ್ಲ. ಆಮೇಲೆ ಆ ನಾಲ್ಕು ಪುಟವನ್ನು ಅತ್ತೆಯ ಮಡಿಲಿಗೆ ಹಾಕಿದವಳು ನಾನು. ಕುಸುಮಕ್ಕನಿಗೆ ಎಣ್ಣೆಯ ವಿಷಯ ಗೊತ್ತು, ಇದು ಗೊತ್ತಿಲ್ಲ. ನೀನು ಅವರನ್ನು ಮರೆತೆ ಎಂದೇ ಅಂದುಕೊಂಡಿದ್ದಾರೆ. ರೈಲಿನಲ್ಲಿ, ಮದ್ದೂರು ದಾಟಿದ ಮೇಲೆ ಹೇಳುತ್ತೇನೆ. ಬೈದರೆ ವ್ರತ ಮುರಿಯುತ್ತದೆ. ಮುರಿಯಲಿ ಎಂದೇ ಹೇಳುತ್ತೇನೆ. ಅವರು ನನ್ನನ್ನು ಬಾಯಿಗೆ ಬಂದ ಹಾಗೆ ಬೈಯುತ್ತಾ ಪ್ಲಾಟ್‌ಫಾರ್ಮಿಗೆ ಇಳಿದರೆ, ನೀನು ಸುಮ್ಮನೆ ನಿಂತು ಕೇಳು, ನಡುವೆ ಬರಬೇಡ.